ವೆನ್ಸ್ಟಾ ಚರ್ಚಿನ ಹಾಲುಗಳ್ಳಿ

ಟೆಕ್ಲಾ ನಮ್ಮ ವೆನ್ಸ್ಟಾ ಚರ್ಚನ್ನು ಇಪ್ಪತ್ತಾರು ವರ್ಷ ನೋಡಿಕೊಂಡಳು. ಗಂಟೆ ಬಾರಿಸುವುದು, ಶನಿವಾರ ಕಲ್ಲುನೆಲ ಉಜ್ಜುವುದು, ಚಳಿಗಾಲದ ಭಾನುವಾರಗಳಲ್ಲಿ ಬೇಗ ಬಂದು ಕಬ್ಬಿಣದ ಒಲೆಗೆ ಬರ್ಚ್ ಸೌದೆ ತುಂಬುವುದು, ಎಲ್ಲ ಅವಳದೇ. ಮದುವೆಯಾಗಿರಲಿಲ್ಲ. ಸೋಪಿನ ನೀರಿಗೆ ಬೆರಳುಗಳು ಸದಾ ಒಡೆದಿರುತ್ತಿದ್ದವು. ನಾನು ಊರಿನ ಶಾಲಾ ಮೇಷ್ಟ್ರು. ಭಾನುವಾರ ಆರ್ಗನ್ ನುಡಿಸುತ್ತಿದ್ದೆ, ಚರ್ಚ್ ಸಮಿತಿಯ ಕಾರ್ಯದರ್ಶಿಯೂ ಆಗಿದ್ದೆ. ಹಾಗಾಗಿ ನಡೆದದ್ದರಲ್ಲಿ ನನಗೂ ಪಾಲಿದೆ.

ಅವಳ ಮನೆತನಕ್ಕೊಂದು ಅಡ್ಡಹೆಸರಿತ್ತು: ಹಾಲುಗಳ್ಳರು. ಹೆಂಗಸರನ್ನು ಮಾಟಗಾತಿಯರೆಂದು ಹಿಡಿದು ಕೊಲ್ಲುತ್ತಿದ್ದ ಕಾಲದಲ್ಲಿ, ಅಂದರೆ ಹತ್ತಿರ ಹತ್ತಿರ ಮುನ್ನೂರು ವರ್ಷದ ಹಿಂದೆ, ಅವಳ ವಂಶದ ಕಾರಿನ್ ಎಂಬ ವಿಧವೆಯ ಮೇಲೆ ದೂರು ಬಂದಿತ್ತು. ಚಿಂದಿ ಬಟ್ಟೆಯಿಂದ ಮೊಲ ಮಾಡಿ, ಅದಕ್ಕೆ ಜೀವ ಬರಿಸಿ, ಹಾಲು ಹೀರಿ ತರಲು ನೆರೆಯವರ ಹಸುಗಳ ಕೆಚ್ಚಲಿಗೆ ಬಿಡುತ್ತಾಳೆ ಎಂದು. ಸಾಕ್ಷಿ ಸಾಲದೆ ಅವಳನ್ನು ಬಿಟ್ಟರು. ಹೆಸರು ಮಾತ್ರ ಅಂಟಿಕೊಂಡಿತು. ನಮ್ಮ ಕಾಲಕ್ಕೆ ಅದು ಒಂದಿಬ್ಬರು ಮುದುಕರ ಬಾಯಲ್ಲಷ್ಟೇ ಉಳಿದಿತ್ತು.

೧೯೫೩ರ ಬೇಸಿಗೆಯಲ್ಲಿ ಚರ್ಚಿನ ರಿಪೇರಿ ಶುರುವಾಯಿತು. ಬೂದುಗಲ್ಲಿನ ಗೋಡೆಗಳು ಆರುನೂರು ವರ್ಷ ಹಳೆಯವು; ಕಮಾನಿನ ಚಾವಣಿ ಅದಕ್ಕಿಂತ ನೂರು ವರ್ಷ ಈಚಿನದು. ಆ ಚಾವಣಿಯ ತುಂಬ ಚಿತ್ರಗಳಿದ್ದುವಂತೆ. ಅಜ್ಜಂದಿರ ಅಜ್ಜನ ಕಾಲದ ಪಾದ್ರಿಯೊಬ್ಬ, ಇವು ಅಸಹ್ಯ ಎಂದು ಎಲ್ಲಕ್ಕೂ ಸುಣ್ಣ ಹೊಡೆಸಿದ್ದ. ನಾವೆಲ್ಲ ಆ ಬಿಳುಪಿನ ಕೆಳಗೇ ದೀಕ್ಷಾಸ್ನಾನ ಪಡೆದು ಬೆಳೆದವರು. ಪಟ್ಟಣದಿಂದ ಬಂದ ಸಿಕ್ಸ್ಟನ್ ಎಂಬ ಚಿತ್ರತಜ್ಞ ಅಟ್ಟಣೆ ಕಟ್ಟಿಸಿ, ಸಣ್ಣ ಚಾಕುವಿನಿಂದ ಸುಣ್ಣ ಎಬ್ಬಿಸತೊಡಗಿದ. ಮೊದಲು ಕೆಂಪು ಬಳ್ಳಿಗಳು, ಆಮೇಲೆ ನೋಹನ ಹಡಗು. ಜುಲೈ ಹೊತ್ತಿಗೆ, ಹೆಂಗಸರು ಕೂರುವ ಎಡಬದಿಯ ಬೆಂಚುಗಳ ಮೇಲ್ಗಡೆಯ ಚಾವಣಿಯಲ್ಲಿ, ಬೆಣ್ಣೆ ಕಡೆಯುವ ಹೆಂಗಸೊಬ್ಬಳು ಕಾಣಿಸಿದಳು. ಅವಳ ಹೆಗಲು ಹಿಡಿದು ಕೊಂಬಿನ ದೆವ್ವ ನಿಂತಿತ್ತು. ಕಾಲಬಳಿ ಮೊಲವೊಂದು ಹಾಲು ಕಾರುತ್ತಿತ್ತು.

ಆ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಕಾಫಿಗೆ ಸೇರಿದ್ದಾಗ, ಟೆಕ್ಲಾ ಹಾಲಿನ ಜಗ್ಗು ಹಿಡಿದು ಬಂದಳು; ಆಲ್ಗೊಟ್ ಶುರುಮಾಡಿದ. ಊರಿನ ದೊಡ್ಡ ಜಮೀನ್ದಾರ, ಸಮಿತಿಯ ಹಿರಿಯ, ಸದಾ ನಗಿಸುವ ಮನುಷ್ಯ.

"ಏನ್ ಟೆಕ್ಲಾ, ನಿಮ್ಮಜ್ಜಿ ಫೋಟೋ ಸಿಕ್ತಂತಲ್ಲ! ಈ ಹಾಲು ಯಾರ ಹಸೂದು, ಹೇಳ್ಬಿಡು. ನಂದಾದ್ರೆ ಇನ್ನೊಂದು ಲೋಟ ಕುಡೀತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಟೆಕ್ಲಾ ಹಾಲಿನ ಜಗ್ಗನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಆಮೇಲೆ ಅದು ನಿಲ್ಲಲಿಲ್ಲ. ಯಾರೋ ಅವಳ ಹೊಸ್ತಿಲ ಮೇಲೆ ಚಿಂದಿ ಮೊಲ ಇಟ್ಟುಹೋದರು. ಆಲ್ಗೊಟ್‌ನ ಸೊಸೆ ತನ್ನ ಕೂಸಿನ ದೀಕ್ಷಾಸ್ನಾನದ ದಿನ, ನೀರು ತರಲು ಟೆಕ್ಲಾ ಬೇಡ, ಬೇರೆಯವರು ತರಲಿ ಎಂದಳು. ಕಲ್ಲಿನ ತೊಟ್ಟಿಗೆ ಇಪ್ಪತ್ತಾರು ವರ್ಷ ಬಿಸಿನೀರು ತಂದು ಸುರಿದವಳು ಅಂದು ಗಂಟೆಮನೆಯಲ್ಲಿ ಕೂತಿದ್ದಳು. ನಾನು ಸಮಾಧಾನ ಹೇಳಹೋದೆ.

"ಟೆಕ್ಲಾ, ಆ ಚಿತ್ರ ಕಾರಿನ್‌ದಲ್ಲ. ಕಾರಿನ್ ಹುಟ್ಟೋಕೆ ನೂರೈವತ್ತು ವರ್ಷ ಮೊದಲೇ ಬರೆದದ್ದು. ಸಿಕ್ಸ್ಟನ್ನೇ ಹೇಳಿದ."

"ಗೊತ್ತು ಮೇಷ್ಟ್ರೇ, ನಾನೂ ಕೇಳ್ದೆ. ಅದೇ ಹೊಟ್ಟೆ ಉರಿಯೋದು. ತಲೆಮಾರುಗಟ್ಲೆ ಪ್ರತಿ ಭಾನುವಾರ ಇದನ್ನೇ ನೋಡ್ಕೊಂಡು ಕೂತಿದ್ರು. ಯಾರ್ದೋ ಹಸು ಬತ್ತಿದ ದಿನ, ಚಿತ್ರಕ್ಕೊಂದು ಮುಖ ಬೇಕಾಯ್ತು. ಕಾರಿನ್ ಸಿಕ್ಕಿದ್ಲು. ಈಗ ನಾನು."

ಆ ಒಂದು ಭಾಗಕ್ಕಷ್ಟೇ ಮತ್ತೆ ಸುಣ್ಣ ಹೊಡೆಸಿ ಎಂದು ಅವಳು ಸಮಿತಿಗೆ ಬರೆದುಕೊಟ್ಟಳು. ಆಲ್ಗೊಟ್ ಕಾಗದವನ್ನು ಪಕ್ಕಕ್ಕೆ ತಳ್ಳಿ, "ಪೇಪರ್ನಲ್ಲಿ ಫೋಟೋ ಬಂದಿದೆ, ಬಿಷಪ್ಪರು ಬರ್ತಿದಾರೆ, ಒಬ್ಬಳ ಮುನಿಸಿಗೆ ಮುಚ್ಚಕ್ಕಾಗತ್ತಾ?" ಎಂದ. ಪಾದ್ರಿಗಳು ನನ್ನತ್ತ ತಿರುಗಿ, "ಮೇಷ್ಟ್ರೇ, ನೀವೇನಂತೀರಿ?" ಎಂದರು. ನಾನು ಬರೆದುಕೊಳ್ಳುವವನಷ್ಟೇ ಎಂದುಬಿಟ್ಟೆ. ಗಂಟೆಮನೆಯಲ್ಲಿ ಕೇಳಿದ ಮಾತನ್ನು ಅಲ್ಲಿ ಹೇಳಿದ್ದರೆ ಪಾದ್ರಿಗಳಾದರೂ ಯೋಚಿಸುತ್ತಿದ್ದರೇನೋ.

ಬಿಷಪ್ಪರು ಬರಲು ನಾಲ್ಕು ದಿನವಿತ್ತು. ಬೆಳಿಗ್ಗೆ ಆರ್ಗನ್ ಅಭ್ಯಾಸಕ್ಕೆಂದು ಹೋದೆ. ಟೆಕ್ಲಾ ಅಟ್ಟಣೆಯ ಮೇಲಿದ್ದಳು, ಕೈಯಲ್ಲಿ ಸುಣ್ಣದ ಬ್ರಷ್ಷು.

"ಮುಖ ಮಾತ್ರ ಮುಚ್ಚಿದೀನಿ," ಎಂದಳು ಮೇಲಿಂದಲೇ. "ದೆವ್ವ ಇರ್ಲಿ, ಅದು ನಮ್ಮ ಮನೇದಲ್ಲ. ಹೋಗಿ ಹೇಳಿ ಮೇಷ್ಟ್ರೇ, ನಾನೇ ಮಾಡಿದ್ದು ಅಂತ."

ಸುದ್ದಿ ತಿಳಿದು ಸಿಕ್ಸ್ಟನ್ ಓಡಿಬಂದು, ಸುಣ್ಣ ಆರುವ ಮೊದಲೇ ಒದ್ದೆ ಸ್ಪಂಜಿನಿಂದ ಒರೆಸಿದ. ಸುಣ್ಣದ ಜೊತೆ ಹಳೆಯ ಬಣ್ಣವೂ ಬಂತು. ಕಣ್ಣು, ಮೂಗು, ಬಾಯಿ ಹೋಗಿ ಒಂದು ಬೋಳು ಗುಂಡು ಉಳಿಯಿತು. ಅಷ್ಟು ದೊಡ್ಡ ಗಂಡಸು ಅಟ್ಟಣೆಯ ಹಲಗೆಯ ಮೇಲೆ ಕೂತು ಅತ್ತ. ಟೆಕ್ಲಾ ಅವನ ಪಕ್ಕದಲ್ಲೇ ನಿಂತಿದ್ದಳು. "ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲಪ್ಪ," ಎಂದಷ್ಟೇ ಹೇಳಿ ಇಳಿದಳು.

ಪಾದ್ರಿಗಳು ಬೇಡಿಕೊಂಡದ್ದರಿಂದ ವಿಷಯ ಕೋರ್ಟಿಗೆ ಹೋಗಲಿಲ್ಲ. ಟೆಕ್ಲಾಳ ಕೆಲಸ ಮಾತ್ರ ಹೋಯಿತು. ಬೀಗದ ಕೈ ಗೊಂಚಲನ್ನು ನನ್ನ ಕೈಗೇ ಕೊಟ್ಟಳು. ಮುಂದೆ ಎಂಟು ವರ್ಷ ಭಾನುವಾರಗಳಲ್ಲಿ ಪಕ್ಕದ ಊರಿನ ಚರ್ಚಿಗೆ ಎರಡು ಗಂಟೆ ದಾರಿ ನಡೆದು ಹೋಗುತ್ತಿದ್ದಳು, ಹಿಮ ಬಿದ್ದಿದ್ದರೂ. ನಮ್ಮ ಚರ್ಚಿನ ಬಗ್ಗೆ ಅಚ್ಚಾದ ಪುಸ್ತಿಕೆಯಲ್ಲಿ, ಆ ಮುಖ ತೇವದಿಂದ ಹಾಳಾಗಿದೆ ಎಂದಿದೆ. ಬರೆದವನು ನಾನು.

೧೯೬೧ರ ಮಾರ್ಚಿನಲ್ಲಿ ಅವಳು ತೀರಿಕೊಂಡಳು. ಮಣ್ಣಿಗೆ ಬಂದವರು ಒಂಬತ್ತು ಜನ. ಪೆಟ್ಟಿಗೆ ಹೊರಲು ಗಂಡಸರು ಸಾಲದೆ ಆಲ್ಗೊಟ್ ಹೆಗಲು ಕೊಟ್ಟ. ಆಗಲೇ ಅವನಿಗೂ ವಯಸ್ಸಾಗಿತ್ತು. ಸಮಾಧಿಯ ಬಳಿ ಏದುಸಿರು ಬಿಡುತ್ತ ನಿಂತವನು ನನ್ನ ತೋಳು ಹಿಡಿದ.

"ನಾನು ತಮಾಷೆಗೆ ಅಂದಿದ್ದು ಕಣಯ್ಯ. ನಿಂಗೇ ಗೊತ್ತಲ್ಲ. ನೀನೂ ಅಲ್ಲೇ ಇದ್ದೆ."

"ಹೌದು, ಇದ್ದೆ," ಎಂದೆ.

ನೆಲ ಇನ್ನೂ ಹೆಪ್ಪುಗಟ್ಟಿತ್ತು. ಅಗೆದ ಮಣ್ಣು ಹೆಂಟೆಹೆಂಟೆಯಾಗಿ ಬೀಳುತ್ತಿತ್ತು. ಗುಂಡಿ ಪೂರ್ತಿ ತುಂಬುವವರೆಗೆ ಇಬ್ಬರೂ ಟೊಪ್ಪಿ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆವು.