ಹೊಸ್ತಿಲಲ್ಲಿ ಕೇಳಿದ ಹೆಸರು

ರೊಟ್ಟಿಗೆ ನಾದುವ ಪರಾತಕ್ಕೆ ಅಂಟಿದ ಜೋಳದ ಹಿಟ್ಟು ಕೆರೆಯುವುದಕ್ಕೆ ನಾನು ಇಟ್ಟುಕೊಂಡಿರುವ ಪ್ಲಾಸ್ಟಿಕ್ ಚೀಟಿಯನ್ನು ನೀವೆಲ್ಲ ನೋಡಿದ್ದೀರಿ, ಮಕ್ಕಳೇ. ಅದರ ಅಂಚು ಸವೆದಿದೆ, ಅಕ್ಷರ ಅಳಿಸಿದೆ. ಮೂಲೆಯ ಫೋಟೋದಲ್ಲಿ ಮಾತ್ರ ಒಬ್ಬ ತೆಳ್ಳಗಿನ ಹೆಂಗಸು ದೊಡ್ಡ ಕುಂಕುಮವಿಟ್ಟುಕೊಂಡು, ಹೆದರಿದ ಕಣ್ಣು ಬಿಟ್ಟು, ದಿನವೂ ಹಿಟ್ಟಿನಲ್ಲಿ ಮುಳುಗಿ ಏಳುತ್ತಾಳೆ. ಅವಳು ನಾನೇ. ಬಾಯಿಬಿಟ್ಟು ಹೇಳಲು ನಾಚುವ ನಾನು ಬರೆದಾದರೂ ನಿಮಗೆ ಆ ಚೀಟಿಯ ವಿಷಯ ಹೇಳಬೇಕು ಎಂದುಕೊಂಡು ಇವತ್ತು ಕೂತಿದ್ದೇನೆ.

ನಮ್ಮ ಕಡೆ ಕೃಷ್ಣೆಯ ಕಾಲುವೆ ತೋಡುವಾಗ ನಿಮ್ಮಜ್ಜ ಮಣ್ಣು ತಳ್ಳುವ ಯಂತ್ರ ನಡೆಸುವುದನ್ನು ಕಲಿತರು. ನಮ್ಮೂರು ಗೋಗಿಯಲ್ಲಿ ನಮ್ಮ ಹೊಲಕ್ಕೆ ನೀರು ಬರುವ ಮೊದಲೇ ಆ ವಿದ್ಯೆ ಅವರನ್ನು ಮಸ್ಕತ್ತಿಗೆ, ಗುಡ್ಡ ಒಡೆದು ರಸ್ತೆ ಮಾಡುವ ಕೆಲಸಕ್ಕೆ, ಕರೆದುಕೊಂಡು ಹೋಯಿತು. ಎರಡು ವರ್ಷ ಒಬ್ಬರೇ ಕೈ ಸುಟ್ಟುಕೊಂಡು ಉಂಡು, ಆಮೇಲೆ ನನ್ನನ್ನೂ ನಿಮ್ಮವ್ವನನ್ನೂ ಕರೆಸಿಕೊಂಡರು. ಮೊದಲ ಸಲ ಅಪ್ಪನನ್ನು ಕಂಡ ನಿಮ್ಮವ್ವ ಯಾರೋ ಕಾಕಾ ಎಂದು ನನ್ನ ಸೆರಗಿನಲ್ಲಿ ಅಡಗಿದಳು. ಅವಳು ಅವರ ಎದೆಯ ಮೇಲೆ ಮಲಗುವುದನ್ನು ಕಲಿಯುವ ಹೊತ್ತಿಗೆ ನಮ್ಮ ವಾಸದ ಅಪ್ಪಣೆ ಮುಗಿಯುತ್ತ ಬಂದಿತ್ತು. ಇಂಥ ಚೀಟಿಯೇ ಆ ಅಪ್ಪಣೆ. ಅಲ್ಲಿ ಅದನ್ನು ಬತಾಕಾ ಎನ್ನುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಆಗಲಿಲ್ಲವೆಂದರೆ ತಾಯಿ ಮಗಳು ವಿಮಾನ ಹತ್ತಬೇಕು, ಅವರು ಮತ್ತೆ ಒಬ್ಬರೇ ಉಳಿಯಬೇಕು.

ಹೊಸದು ಮಾಡಿಸಲು ಹೋದ ಕಚೇರಿಯಲ್ಲಿ ಗಂಡಸರ ಸಾಲು ಮರದ ತಡಿಕೆಯ ಆ ಕಡೆ, ಹೆಂಗಸರದು ಈ ಕಡೆ. ಕರಿ ಬಟ್ಟೆ ತೊಟ್ಟ ಅಧಿಕಾರಿಣಿ ಅರಬ್ಬಿಯಲ್ಲಿ ಏನೋ ಕೇಳಿದಳು. ಪಕ್ಕದಲ್ಲಿ ಹೈದರಾಬಾದಿನ ಮುದಿ ಗುಮಾಸ್ತನೊಬ್ಬ ಇದ್ದದ್ದು ನನ್ನ ಪುಣ್ಯ. ಶಹಾಪುರದ ಸಂತೆಯಲ್ಲಿ ಕಿವಿಗೆ ಬಿದ್ದಿದ್ದ ಉರ್ದುವನ್ನೇ ಅವನೂ ಆಡುತ್ತಿದ್ದ.

"ಮರ್ದ್ ಕಾ ನಾಮ್ ಬೋಲೋ ಅಮ್ಮಾ," ಎಂದ.

ಗಂಡನ ಹೆಸರು ಹೇಳಬೇಕಂತೆ! ನಮ್ಮಲ್ಲಿ ಯಾವ ಹೆಂಗಸು ಹಾಗೆ ಹೇಳುತ್ತಾಳೆ? ಕಾಗದದಲ್ಲಿ ಬರೆದಿದೆ ಎಂದು ಬೆರಳು ತೋರಿಸಿದೆ. ಅಧಿಕಾರಿಣಿ ತಲೆ ಅಲ್ಲಾಡಿಸಿದಳು, ಬಾಯಿಂದಲೇ ಬರಬೇಕಂತೆ. ನನ್ನ ಸೊಂಟದ ಮೇಲಿದ್ದ ನಿಮ್ಮವ್ವನನ್ನು ಗುಮಾಸ್ತ ಅಪ್ಪನ ಹೆಸರೇನೆಂದು ಕೇಳಿದ. ಅವಳು ಜೋರಾಗಿ, "ಅಪ್ಪಾ!" ಎಂದಳು. ಹಿಂದಿನ ಸಾಲಿನಲ್ಲಿದ್ದವರು ನಕ್ಕರು, ಅಧಿಕಾರಿಣಿ ನಗಲಿಲ್ಲ. ಗಂಡನ ಹೆಸರೇ ಗೊತ್ತಿಲ್ಲದವಳು ಎಂಥ ಹೆಂಡತಿ ಎಂಬ ಅನುಮಾನ ಅವಳ ಹುಬ್ಬಿನಲ್ಲಿ ಕಂಡಿತು. ನಮ್ಮ ಕಾಗದಗಳನ್ನು ಬದಿಗೆ ಸರಿಸಿ ಮುಂದಿನವಳನ್ನು ಕರೆಯಲು ಕೈ ಎತ್ತಿದಳು.

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಗೋಗಿಯ ಮನೆಯ ಹೊಸ್ತಿಲು. ಮದುವೆಯಾಗಿ ಬಂದ ದಿನ ನನ್ನ ನಾದಿನಿ ಬಾಗಿಲಿಗೆ ಅಡ್ಡ ನಿಂತು, "ಹೆಸರು ಹೇಳು ವೈನಿ, ಇಲ್ಲಂದ್ರ ನಿಮ್ಮ ಊರಿನ ಬಸ್ ಇನ್ನೂ ನಿಂತದ ನೋಡು," ಎಂದು ಕಾಡಿದ್ದಳು. ಅಲ್ಲಿಯೂ ಇದೇ ಪ್ರಶ್ನೆ, ಇದೇ ಅಪ್ಪಣೆ. ಹೆಣ್ಣಿಗೆ ಹೊಸ ಮನೆಯೂ ಒಂದು ಪರದೇಶವೇ ಅಲ್ಲವೇ? ಆದರೆ ನಮ್ಮ ಹಿರಿಯರು ಕೇಳುವುದರ ಜೊತೆಗೆ ದಾರಿಯನ್ನೂ ಇಟ್ಟಿದ್ದರು. ಬರಿಯ ಹೆಸರು ಹೇಳಬಾರದು, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರು ಕೂಡಿಸಿ ಹೇಳಬಹುದು. ಹಾಡಿನಲ್ಲಿ ಬಂದ ಹೆಸರಿಗೆ ನಾಚಿಕೆಯಿಲ್ಲ.

ಕಣ್ಣು ಮುಚ್ಚಿದೆ. ಬರುತ್ತದೆ ಬರುತ್ತದೆ ಎಂದು ಊರಲ್ಲಿ ಹಿರಿಯರು ಹೇಳುತ್ತಿದ್ದ, ನಾವಿಬ್ಬರೂ ಇನ್ನೂ ನೋಡಿರದ ಕಾಲುವೆ ನೀರು ಒಡಪಾಗಿ ಬಾಯಿಗೆ ಬಂತು.

"ಕಾಲುವಿ ನೀರು ಹರದು ಬಂದು ತುಂಬ್ಯಾದ ಹೊಲದ ಮಡಿ,
ಶರಣಪ್ಪನ ಕೈ ಹಿಡಕೊಂಡು ದಾಟೀನಿ ದೇಶದ ಗಡಿ!"

ಭಯಕ್ಕೆ ದನಿ ದೊಡ್ಡದಾಗಿಬಿಟ್ಟಿತ್ತು. ಗುಮಾಸ್ತ ಮೊದಲು ಕಣ್ಣರಳಿಸಿ, "ಹಮಾರೀ ದಾದೀ ಭೀ ಐಸಿಚ್ ಥೀ," ಎಂದು ನಕ್ಕು, ತನ್ನ ಅಜ್ಜಿಯೂ ಗಂಡನ ಹೆಸರು ಹೇಳುತ್ತಿರಲಿಲ್ಲವೆಂದು ಅಧಿಕಾರಿಣಿಗೆ ಬಿಡಿಸಿ ಹೇಳಿದ. ಅವಳು ಕಾಗದವನ್ನು ಮತ್ತೆ ಎಳೆದುಕೊಂಡು, ಅದರ ಮೇಲೆ ಬೆರಳಿಟ್ಟು, "ಶರಣಪ್ಪಾ?" ಎಂದಳು. ನಾನು ತಲೆ ತಗ್ಗಿಸಿ ಹೌದೆಂದೆ. ಮುದ್ರೆ ಬಿತ್ತು. ಆಮೇಲೆ ಅವಳೇ ಕೈಸನ್ನೆ ಮಾಡಿ ಆ ಹಾಡನ್ನು ಇನ್ನೊಮ್ಮೆ ಕೇಳಿದಳು. ನಾನೆಲ್ಲಿ ಹೇಳುತ್ತೇನೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ತಡಿಕೆಯ ಆ ಕಡೆ ನಿಂತಿದ್ದ ನಿಮ್ಮಜ್ಜ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹೊರಗೆ ಬಿಸಿಲಿಗೆ ಬಂದಮೇಲೆ ಮಗುವನ್ನು ಎತ್ತಿಕೊಂಡು, ನನ್ನ ಕಡೆ ನೋಡದೆ, "ಮದಿವ್ಯಾದ ಮ್ಯಾಲ ಇವತ್ತೇ ಕೇಳಿದ್ದು. ಇನ್ನೊಮ್ಮಿ ಹೇಳು," ಎಂದರು.

"ಎರಡು ವರ್ಷಕ್ಕ ಬತಾಕಾ ಮುಗೀತದಲ್ಲ, ಆವಾಗ ಹೇಳ್ತೀನ್ರಿ," ಎಂದೆ.

ಹಾಗೆಯೇ ಹೇಳಿದೆ. ಆಮೇಲೆ ಯಾವ ಅಧಿಕಾರಿಯೂ ಕೇಳಲಿಲ್ಲ, ಆದರೂ ಪ್ರತಿ ಸಲ ಹೊಸ ಚೀಟಿ ಬಂದಾಗ ಮನೆಯ ಹೊಸ್ತಿಲಲ್ಲಿ ಅವರು ಬಾಗಿಲಿಗೆ ಅಡ್ಡ ನಿಲ್ಲುವರು, ನಾನು ಹೊಸದೊಂದು ಒಡಪು ಕಟ್ಟುವೆ. ಊರಿಗೆ ಮರಳಿ ನಮ್ಮ ಹೊಲದಲ್ಲಿ ನಿಜವಾಗಿಯೂ ನೀರು ನಿಂತದ್ದನ್ನು ಕಂಡಾಗ ಅವರು ಬದುವಿನ ಮೇಲೆ ಕೂತು ನನ್ನ ಮೊದಲ ಒಡಪನ್ನು ತಾವೇ ಹಾಡಿದರು. ಕಾಲುವೆ ನೀರಿಗೂ ಪಾಳಿ ಇದೆ. ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಇರುವುದೆಂದರೆ ಮತ್ತೆ ಮತ್ತೆ ಅಪ್ಪಣೆ ಪಡೆಯುವುದೇ ಎಂದು ನಾನು ಆಗ ತಿಳಿದುಕೊಂಡೆ. ಈ ಭೂಮಿಯ ಮೇಲೆ ಅವರ ಅಪ್ಪಣೆ ಮುಗಿದ ಮೇಲೆ ನನ್ನ ಒಡಪುಗಳೂ ಮುಗಿದವು. ಕೊನೆಯ ಚೀಟಿ ಅಡುಗೆಮನೆ ಸೇರಿತು.

ನಿಮ್ಮಲ್ಲಿ ಕಿರಿಯವನಿಗೆ ನಿಮ್ಮವ್ವ ಅಜ್ಜನ ಹೆಸರನ್ನೇ ಇಟ್ಟಳು. ಆ ಹೆಸರು ಬಾಯಿಗೆ ಬಾರದೆ ನಾನು ಅವನನ್ನು "ಹಿರ್ಯಾ" ಎಂದೇ ಕರೆಯುತ್ತ ಬಂದೆ. ನಿನ್ನೆ ಅವನು ಅಡುಗೆಮನೆಯ ಹೊಸ್ತಿಲಲ್ಲಿ ಕಾಲು ಊರಿ ನಿಂತ.

"ಆಯೀ, ಎಲ್ಲಾರೂ ಹೆಸರು ಹಿಡದು ಕರೀತಾರ. ನೀ ಒಬ್ಬಾಕಿ ಮುದುಕನ್ನ ಕರದಂಗ ಕರೀತಿ. ಹೆಸರು ಹೇಳಿದ್ರೇ ಒಳಗ ಬರ್ತೀನಿ."

ಅಜ್ಜನದೇ ನಿಲುವು, ಅದೇ ಹಟ. ಕೈಯಲ್ಲಿದ್ದ ಚೀಟಿಯಿಂದ ಪರಾತವನ್ನು ಮೆಲ್ಲಗೆ ಕೆರೆದೆ. ಉಳಿದ ಹಿಟ್ಟಿನಲ್ಲಿ ಇನ್ನೊಂದು ರೊಟ್ಟಿ ಆಯಿತು. ಒಡಪು ಹುಡುಕಲಿಲ್ಲ, ಸೆರಗು ಹಿಡಿಯಲಿಲ್ಲ.

"ಶರಣಪ್ಪಾ," ಎಂದೆ, "ಒಳಗ ಬಾ. ರೊಟ್ಟಿ ಆರಾಕತ್ತದ."