ನನ್ನ ಕೈ ನೋಡಿ ಬಿಟ್ಟ ಕತೆ

ಈ ಪುಸ್ತಕದ ಮುಂದೆ ನಮ್ಮ ಯಜಮಾನರ ಬಗ್ಗೆ ಎರಡು ಪುಟ ಬೇಕು ಅಂದರು. ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇದರ ಕೊನೆಯ ಕತೆ ಹೇಗೆ ಸೇರಿತು ಅನ್ನುವುದನ್ನು ನಾನೇ ಹೇಳಬೇಕು.

ಅವರ ಹೆಸರು ಸಿದ್ದರಾಮು. ಊರು ಮಳವಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮದ್ದೂರಿನ ಒಂದು ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದರು. ಮದುವೆ ಕಾಗದ, ತಿಥಿ ಕಾಗದ, ಓಟಿನ ಕರಪತ್ರ. ತಪ್ಪು ಹುಡುಕುವ ಕಣ್ಣಿತ್ತು, ಪ್ರೂಫ್ ನೋಡಲು ಕೂರಿಸಿದರು. ಕಂಪ್ಯೂಟರು ಬಂದು ಮೊಳೆಗಳು ಗುಜರಿಗೆ ಹೋದವು, ಇವರು ಉಳಿದರು. ಹನ್ನೆರಡು ವರ್ಷದ ಹಿಂದೆ ಮೂರು ತಿಂಗಳಿಗೊಂದು ಕತೆಯ ಪತ್ರಿಕೆ ಶುರು ಮಾಡಿದರು. ಭಾನುವಾರ ಬಸ್ಸು ಹತ್ತಿ ಒಂದೊಂದು ಹಳ್ಳಿಗೆ ಹೋಗುವರು. ಅರಳಿಕಟ್ಟೆಯಲ್ಲೋ ಡೈರಿ ಮುಂದೆಯೋ ಜನರನ್ನು ಕೂರಿಸಿಕೊಂಡು ಕತೆ ಹೇಳಿಸುವರು. ಮೊಬೈಲಿನಲ್ಲಿ ಹಿಡಿದು ತಂದು ಬರೆಯುವರು. ಬರೆದದ್ದನ್ನು ಹೇಳಿದವರಿಗೆ ಓದಿ ಕೇಳಿಸದೆ ಅಚ್ಚಿಗೆ ಕೊಡುತ್ತಿರಲಿಲ್ಲ.

ಅದಕ್ಕೂ ಮೊದಲು ನನಗೆ ಓದುತ್ತಿದ್ದರು. ನಾನು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಾ ಕೂತಿರಬೇಕು. ಹೇಗಿದೆ ಅಂತ ಕೇಳುತ್ತಿರಲಿಲ್ಲ.

“ಬಾಯಿ ಬುಡಬ್ಯಾಡ ಕಣಮ್ಮಿ. ನೀನು ಚೆನ್ನಾಗೈತೆ ಅಂದ್ರೆ ನಂಬಕಾಯ್ತದಾ? ಗಂಡನ್ನ ಮೆಚ್ಚಿಸಕ್ಕೆ ಅಂತೀಯ.”

“ನಿಮ್ಮನ್ನ ಮೆಚ್ಚಿಸಿ ನಂಗೇನಾಗ್ಬೇಕು?”

“ಸುಮ್ಕಿರು. ನಿನ್ ಕೈ ಯೋಳ್ತದೆ.”

ಕತೆ ಹಿಡಿದರೆ ನನ್ನ ಕೈ ನಿಲ್ಲುತ್ತಿತ್ತು. ನಿಂತರೆ ಆ ಕತೆ ಅಚ್ಚಿಗೆ. ಶುರುವಿನಿಂದ ಕೊನೆತನಕ ಕೈ ಓಡುತ್ತಲೇ ಇದ್ದರೆ ಅದಕ್ಕೆ ಕಾಟು. ಹನ್ನೆರಡು ವರ್ಷ ಹೀಗೇ ನಡೆಯಿತು. ಒಂದು ಸಲ ಬಿಟ್ಟರೆ ನನ್ನ ಕೈ ಸುಳ್ಳು ಹೇಳಲಿಲ್ಲ.

ಹಲಗೂರಿನ ಆಚೆ, ಮುತ್ತತ್ತಿಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ದೇವಿರಮ್ಮ ಅಂತ ಇದ್ದಾರೆ. ಎಂಬತ್ತು ದಾಟಿದೆ. ಒಂದು ಭಾನುವಾರ ಜನ ಎದ್ದು ಹೋದ ಮೇಲೆ ಇವರನ್ನು ಪಕ್ಕಕ್ಕೆ ಕರೆದು ಒಂದು ಕತೆ ಹೇಳಿದರಂತೆ. ಒಬ್ಬಳು ಬಾಣಂತಿ. ಮಗು ಉಳಿಯಲಿಲ್ಲ. ಎದೆಯಲ್ಲಿ ಹಾಲು ಬರುವುದು ನಿಲ್ಲಲಿಲ್ಲ. ದಿನಾ ಹೋಗಿ ಅತ್ತಿಮರದ ಬುಡಕ್ಕೆ ಹಿಂಡಿ ಬರುವಳು. ಇಷ್ಟೇ ಕತೆ.

“ಇದ್ನ ಪುಸ್ತಕದಾಗೆ ಆಕ್ತೀಯೇನಪ್ಪ?” ಅಂತ ಕೇಳಿದರಂತೆ. ಇವರು ಆಕ್ತೀನಿ ಕಣವ್ವ ಅಂದು ಬಂದಿದ್ದರು.

ನಮಗೂ ಮೊದಲನೆಯದು ಹೆಣ್ಣು. ಒಂಬತ್ತು ದಿನ ಇತ್ತು. ಆ ಮಾತು ಎತ್ತದೆ ನಾವಿಬ್ಬರೂ ಮೂವತ್ತು ವರ್ಷ ಕಳೆದಿದ್ದೆವು. ಅವರು ಓದುತ್ತಿದ್ದರೆ ನಾನು ತಲೆ ಎತ್ತಲಿಲ್ಲ. ಕೈ ನಿಂತರೆ ಅಳು ಬರುತ್ತದೆ ಅಂತ ಗೊತ್ತಿತ್ತು. ಆರಿಸಿದ ಅಕ್ಕಿಯನ್ನೇ ಮತ್ತೆ ಮತ್ತೆ ಆರಿಸಿದೆ. ಓದಿ ಮುಗಿಸಿ ನನ್ನ ಕೈ ನೋಡಿದರು. ಕಾಟು ಹಾಕಿದರು. ನಾನು ಏನೂ ಅನ್ನಲಿಲ್ಲ.

ಪತ್ರಿಕೆ ಬಂತು, ಕತೆ ಇರಲಿಲ್ಲ. ಇವರು ಎರಡು ಸಲ ಹೋದರು. ದೇವಿರಮ್ಮ ಕಾಫಿ ಕೊಟ್ಟರಂತೆ, ಇನ್ನೊಂದು ಕತೆ ಕೊಡಲಿಲ್ಲ.

“ಮುನ್ಸ್ಕೊಂಡವ್ಳೆ ಕಣಮ್ಮಿ. ನಾನೇನ್ ಮಾಡ್ಲಿ, ನಿನ್ ಕೈ ನಿಲ್ನಿಲ್ವಲ್ಲ” ಅಂತ ಚಪ್ಪಲಿ ಬಿಡುತ್ತಾ ಅಂದರು. ಆಗಲೂ ನಾನು ಹೇಳಲಿಲ್ಲ.

ಹೋದ ಫೆಬ್ರವರಿಯಲ್ಲಿ ಪ್ರೆಸ್ಸಿನಲ್ಲಿ ಈ ಪುಸ್ತಕದ ಪ್ರೂಫ್ ನೋಡುತ್ತಾ ಕೂತಲ್ಲೇ ಒರಗಿದರು. ಮಂಡ್ಯದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಈಗ ಅಕ್ಕಿ ಆರಿಸುವಾಗ ಮನೆಯಲ್ಲಿ ಸದ್ದಿಲ್ಲ.

ಪುಸ್ತಕಕ್ಕೆ ನಲವತ್ತು ಕತೆ ಆರಿಸಿ ಪಟ್ಟಿ ಮಾಡಿಟ್ಟಿದ್ದರು. ಪತ್ರಿಕೆಯಲ್ಲಿ ಜೊತೆಗಿದ್ದ ಶಿವರಾಮು ಮೇಷ್ಟ್ರು ಮನೆಗೆ ಬಂದಾಗ ದೇವಿರಮ್ಮನ ಕತೆಯೂ ಸೇರಲಿ ಅಂದೆ.

“ಅಣ್ಣನ ಪಟ್ಟಿ ಕಣಕ್ಕ. ನಾನು ಮುಟ್ಟಕಿಲ್ಲ. ಅದ್ಕೆ ಅವ್ರೇ ಕಾಟು ಆಕವ್ರೆ.”

“ನನ್ ಕೈ ನೋಡಿ ಆಕವ್ರೆ. ಕೈ ಸುಳ್ಳೇಳ್ತು.”

ಯಾಕೆಂದು ಹೇಳಿದೆ. ಹೊರಗಿನವರ ಮುಂದೆ ಆ ಮಗುವಿನ ಮಾತಾಡಿದ್ದು ಅದೇ ಮೊದಲು. ಮೇಷ್ಟ್ರು ಪಟ್ಟಿ ಮಡಿಚಿದರು, ಬಿಚ್ಚಿದರು.

“ಅಣ್ಣ ತಪ್ಪು ಮಾಡುದ್ರು ಅಂತಾಯ್ತದಲ್ಲಕ್ಕ, ಅವ್ರ್ ಪುಸ್ತಕದಾಗೇಯ.”

“ನಾನ್ ಮಾಡ್ದೆ ಅಂತ ಬರ್ಕೊಡ್ತೀನಿ.”

“ಅಂಗಾದ್ರೆ ಮೊದ್ಲು ಆಯಮ್ಮಂಗೆ ಓದ್ಬುಟ್ ಬನ್ನಿ. ಒಪ್ಪುದ್ರೆ ಆಕನ.”

ಕಾಟು ಹಾಕಿದ ಹಾಳೆಗಳನ್ನೂ ಅವರು ಎಸೆದಿರಲಿಲ್ಲ. ಹುಡುಕಿ ತೆಗೆದುಕೊಂಡು ಬಸ್ಸು ಹತ್ತಿದೆ. ದೇವಿರಮ್ಮ ಜಗಲಿ ಮೇಲೆ ಹುರುಳಿ ಕೇರುತ್ತಿದ್ದರು. ನಾನು ಯಾರೆಂದು ಹೇಳಿದೆ.

“ಓಗ್ಬುಟ್ನಂತಲ್ಲ ನಿನ್ ಗಂಡ. ಒಳ್ಳೇವ್ನೇಯ. ಆದ್ರೆ ಆಕ್ತೀನಿ ಅಂದೋನು ಯಾಕ್ ಬುಟ್ಟ?”

“ನನ್ನಿಂದ ಕಣವ್ವ” ಅಂದು ಎಲ್ಲ ಹೇಳಿದೆ. ದೇವಿರಮ್ಮ ಮೊರ ಕೆಳಗಿಟ್ಟರು.

ಹಾಳೆ ಓದಿದೆ. ನನಗೆ ಓದುವುದು ನಿಧಾನ. ಅತ್ತಿಮರದ ಹತ್ತಿರ ಬಂದಾಗ ಮುಂದಕ್ಕೆ ಹೋಗಲಾಗಲಿಲ್ಲ.

“ಎಷ್ಟ್ ದಿನದ್ದು ನಿನ್ ಕೂಸು?”

“ಒಂಬತ್ತು.”

“ನಂದು ಅನ್ನೊಂದು.”

ಅಷ್ಟು ದಿನ ನಾನು ಅದನ್ನು ಯಾರದೋ ಕತೆ ಅಂದುಕೊಂಡಿದ್ದೆ. ನಮ್ಮ ಯಜಮಾನರೂ ಹಾಗೇ ಅಂದುಕೊಂಡಿದ್ದರು.

“ನನ್ ಎಸ್ರು ಆಕ್ಸು. ಯಾವಳೋ ಒಬ್ಳು ಅನ್ಬ್ಯಾಡ” ಅಂದರು ದೇವಿರಮ್ಮ. “ಊ, ಓದು ಮುಂದ್ಕೆ.”

ಓದಿದೆ.