ಮಸ್ಕಿಯ ಬಾವಿಕಟ್ಟೆ ಮತ್ತು ಹುಸೇನ್‌ಸಾಬ್ ದರೋಗಾ

ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಕಳೆದ ಎಂಟು ವರ್ಷಗಳಲ್ಲಿ ಕುಡಿಯುವ ನೀರಿನ ಬಾವಿಯೊಂದು ಶುದ್ಧವಾಗಿದ್ದರೆ, ಸಂತೆಯ ಮಿಠಾಯಿ ಅಂಗಡಿಗೆ ಜಾಲರಿ ಬಂದಿದ್ದರೆ, ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಗುರುತು ಮಕ್ಕಳ ತೋಳಿನ ಮೇಲೆ ಕಾಣುತ್ತಿದ್ದರೆ, ಅಲ್ಲಿಗೆ ಶ್ರೀ ಹುಸೇನ್‌ಸಾಬರು ಒಮ್ಮೆಯಾದರೂ ಹೋಗಿ ಬಂದಿರುತ್ತಾರೆ. ನಿಜಾಮರ ಕಾಲದ ಸಫಾಯಿ ದರೋಗಾ ಎಂಬ ಹೆಸರಿನಿಂದಲೇ ಜನ ಇಂದಿಗೂ ಕರೆಯುವ ಈ ಆರೋಗ್ಯ ನಿರೀಕ್ಷಕರು ಇದೇ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಅವರ ಕಚೇರಿಯ ಗುಮಾಸ್ತನಾದ ನನಗೆ ಅವರ ಬೀಳ್ಕೊಡುಗೆಯ ಈ ಸಂಪುಟಕ್ಕೆ ಬರೆಯುವ ಭಾಗ್ಯ ಒದಗಿದೆ. ಭಾಗ್ಯವೆಂದು ಬರೆದ ಮೇಲೂ ಮನಸ್ಸು ನಿಲ್ಲುತ್ತಿಲ್ಲ. ಮೂರು ಸಲ ಬರೆದು ಹರಿದಿದ್ದೇನೆ. ಅವರನ್ನು ಹೊಗಳುವುದು ಸುಲಭ. ಅವರ ಪಕ್ಕದಲ್ಲಿ ನಾನು ಏನಾಗಿದ್ದೆ ಎಂಬುದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದ ಆಗುತ್ತಿಲ್ಲ.

ನಿಜಾಮರ ಆಳ್ವಿಕೆಯನ್ನು ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಎರಡು ತಿಂಗಳಿಗೆ, ಅಂದರೆ ೧೯೪೮ರ ನವೆಂಬರಿನಲ್ಲಿ, ಹುಸೇನ್‌ಸಾಬರು ಲಿಂಗಸುಗೂರಿಗೆ ವರ್ಗವಾಗಿ ಬಂದರು. ಆಗ ಈ ಸೀಮೆಯಲ್ಲಿ ಯಾರ ಮನಸ್ಸೂ ನೆಲೆಯಲ್ಲಿರಲಿಲ್ಲ. ನೆರೆಮನೆಯವರು ಮಾತು ಬಿಟ್ಟಿದ್ದರು. ಕೆಲವರು ಊರನ್ನೇ ಬಿಟ್ಟಿದ್ದರು. ಹುಸೇನ್‌ಸಾಬರ ಬಂಧುಗಳು ಹೈದರಾಬಾದಿಗೆ ಹೊರಟುಹೋಗಿದ್ದರು. ಪತ್ನಿ ಚಾಂದ್‌ಬೀಯವರು ತಾವೂ ಹೋಗೋಣವೆಂದು ದಿನಾಲೂ ಕೇಳುತ್ತಿದ್ದರೆಂದು ಮುಂದೆ ಸಾಹೇಬರೇ ನನಗೆ ಹೇಳಿದರು. ಆದರೂ ಬೆಳಗಾದರೆ ಸೈಕಲ್ಲಿಗೆ ಔಷಧಿಯ ಡಬ್ಬಿ ಕಟ್ಟಿಕೊಂಡು ಹೊರಟೇಬಿಡುತ್ತಿದ್ದರು.

ಮರುವರ್ಷದ ಬೇಸಗೆಯಲ್ಲಿ ನನ್ನ ಹುಟ್ಟೂರು ಮಸ್ಕಿಯಲ್ಲಿ ಕಾಲರಾ ಕಾಣಿಸಿಕೊಂಡಿತು. ಮೊದಲ ವಾರದಲ್ಲೇ ಮೂವರು ತೀರಿಕೊಂಡರು. ಊರಿನ ಬಾವಿಗಳಿಗೆಲ್ಲ ಕೆಂಪು ಪುಡಿ ಹಾಕಬೇಕೆಂದು ಆಜ್ಞೆಯಾಯಿತು. ಆ ಆಜ್ಞೆಗೆ ಮೊಹರು ಒತ್ತಿದವನು ನಾನೇ. ನಾವಿಬ್ಬರೂ ಕೂಡಿಯೇ ಮಸ್ಕಿಗೆ ಹೋದೆವು. ನಮ್ಮ ಓಣಿಯ ಬಾವಿಯಿಂದ ಅವರು ಒಂದು ಕೊಡ ನೀರು ಸೇದಿಸಿ ಪುಡಿ ಕಲಸಿದರು. ನೀರು ಕೆಂಪಗಾದದ್ದನ್ನು ಕಂಡದ್ದೇ ತಡ, ಜನ ಸುತ್ತುಗಟ್ಟಿದರು. ಎಲ್ಲರಿಗಿಂತ ಮುಂದೆ ನಿಂತು ಬಾವಿಗೆ ಅಡ್ಡ ಬಂದವಳು ನನ್ನ ತಾಯಿ ಗ್ಯಾನಮ್ಮ.

"ನೀರಾಗ ಏನ್ ಹಾಕಾಕತ್ತೀರಿ? ಇದನ್ನ ಕುಡಿದು ನಾವು ಸಾಯಬೇಕೇನು?" ಎಂದಳು.

"ಔಷಧ ಐತವ್ವ. ಬ್ಯಾನಿ ನೀರಿನಾಗ ಐತಿ. ಇದು ಅದನ್ನ ಕೊಲ್ತೈತಿ," ಎಂದರು ಹುಸೇನ್‌ಸಾಬರು.

ಗುಂಪಿನಲ್ಲಿದ್ದ ವ್ಯಾಪಾರಿ ಆದೆಪ್ಪ ನನ್ನ ಕಡೆ ತಿರುಗಿದ. "ಸೂಗಪ್ಪ, ನೀ ಕಚೇರಿಯವ ಇದ್ದಿ. ಇದು ಖರೇನ ಸರಕಾರದ ಔಷಧನೋ, ಇಲ್ಲಾ ಈ ಸಾಬರದೋ? ಹೇಳು."

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಕೆಲವರ ಕೈಯಲ್ಲಿ ಬಡಿಗೆಗಳಿದ್ದವು. ಹುಸೇನ್‌ಸಾಬರ ಪರವಾಗಿ ಮಾತಾಡಿದರೆ ನಾಳೆ ಊರಲ್ಲಿ ತಲೆಯೆತ್ತಿ ತಿರುಗುವುದು ಹೇಗೆ ಎಂಬ ಯೋಚನೆಯೊಂದೇ ನನಗೆ ಬಂತು.

"ನನಗ ಗೊತ್ತಿಲ್ಲ," ಎಂದೆ.

ಹುಸೇನ್‌ಸಾಬರು ನನ್ನತ್ತ ನೋಡಲಿಲ್ಲ. ಕೊಡದ ನೀರನ್ನು ನೆಲಕ್ಕೆ ಚೆಲ್ಲಿ, ಡಬ್ಬಿ ಮುಚ್ಚಿ, ಸೈಕಲ್ ಹತ್ತಿ ಹೋದರು. ನಾಲ್ಕು ದಿನ ಆ ಬಾವಿಗೆ ಔಷಧಿ ಬೀಳಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ನಮ್ಮ ಗೋಡೆಗೆ ಹತ್ತಿದ ಮನೆಯ ಕಲ್ಯಾಣಮ್ಮ ವಾಂತಿಭೇದಿಯಾಗಿ ತೀರಿಕೊಂಡಳು. ನನ್ನ ಬಾಣಂತಿ ಅಕ್ಕನ ಕೂಸಿಗೆ ತಿಂಗಳುಗಟ್ಟಲೆ ತಾನೇ ಹಾಲೂಡಿಸಿದ ಹೆಣ್ಣುಮಗಳು ಆಕೆ.

ಅದೇ ಮಧ್ಯಾಹ್ನ ಹುಸೇನ್‌ಸಾಬರು ಒಬ್ಬರೇ ನಮ್ಮ ಮನೆ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಅಂಗಳದಲ್ಲೇ ನಿಂತು ನನ್ನ ತಾಯಿಯನ್ನು ಕರೆದರು.

"ಅವ್ವ, ನನ್ನ ಕೈ ಮ್ಯಾಲೆ ನಿಮಗ ನಂಬಿಕಿ ಇಲ್ಲ. ಇಲ್ದಿದ್ರ ಬ್ಯಾಡ. ನಿಮ್ಮ ಕೈಲೇ ಹಾಕ್ರಿ. ಡಬ್ಬಿ ನಿಮ್ಮ ಮನ್ಯಾಗ ಇರಲಿ. ನಾ ದೂರ ನಿಂತು ಎಷ್ಟು ಹಾಕಬೇಕಂತ ಅಷ್ಟೇ ಹೇಳ್ತೀನಿ."

ಅವ್ವ ಹೊಸ್ತಿಲಿಗೆ ಬಂದು ಪಕ್ಕದ ಮನೆಯ ಬಾಗಿಲು ನೋಡಿದಳು. ಆಮೇಲೆ, "ಅವತ್ತೇ ಹಾಕಿದ್ರ ಕಲ್ಯಾಣಿ ಉಳೀತಿದ್ದಳೇನು?" ಎಂದು ಕೇಳಿದಳು.

"ಅದು ನನಗ ತಿಳೀದವ್ವ. ಉಳಿದವರನ್ನ ನೋಡೂಣು," ಎಂದರು.

ಅವ್ವ ಡಬ್ಬಿ ತೆಗೆದುಕೊಂಡಳು. ಆ ಸಂಜೆ ಬಾವಿಯ ನೀರು ಕೆಂಪಗಾದಾಗ ಮೊದಲ ಕೊಡ ಸೇದಿ ಮನೆಗೆ ತಂದವಳೂ ಅವಳೇ. ಆಕೆಯನ್ನು ನೋಡಿ ಉಳಿದ ಓಣಿಗಳ ಹೆಂಗಸರೂ ಒಪ್ಪಿದರು. ಆಮೇಲೂ ಇಬ್ಬರು ತೀರಿಕೊಂಡರು; ಆದರೆ ಎರಡು ವಾರದಲ್ಲಿ ಬೇನೆ ನಿಂತಿತು.

ಮುಂದೆ ಪಂಚಾಯತಿಗಳಾದಾಗ ಹುಸೇನ್‌ಸಾಬರು ಈ ಅನುಭವವನ್ನೇ ಹಿಡಿದು ನಡೆದರು. ಊರಿನ ಆರೋಗ್ಯವನ್ನು ಊರೇ ಕಾಯಬೇಕು, ಕಚೇರಿ ಬೆನ್ನಿಗಿರಬೇಕು ಎಂದು ಅವರು ಸದಸ್ಯರಿಗೆಲ್ಲ ಹೇಳುತ್ತಿದ್ದರು. ಪ್ರತಿ ಬಾವಿಗೆ ಆ ಓಣಿಯ ಇಬ್ಬರು ಹೆಂಗಸರನ್ನು ನೇಮಿಸಿರೆಂದು ಅರ್ಜಿ ಬರೆದರು. ಹೆಂಗಸರಿಗೇನು ತಿಳಿಯುತ್ತದೆ ಎಂದು ನಕ್ಕ ಸಭೆಗಳಿಗೆ ನನ್ನ ತಾಯಿಯನ್ನೇ ಕರೆದೊಯ್ದು ಮಾತಾಡಿಸಿದರು.

ಅಂದು ಬಾವಿಕಟ್ಟೆಯಲ್ಲಿ ನಾನಾಡಿದ ಮಾತು ಮಾತ್ರ ನನ್ನೊಳಗೆ ಕೊಳೆಯುತ್ತಿತ್ತು. ೧೯೫೩ರಲ್ಲಿ ಮುದಗಲ್ಲಿಗೆ ಹೋಗುವ ಬಸ್ಸಿನಲ್ಲಿ ತಡೆಯಲಾರದೆ ಹೇಳಿದೆ: "ಸಾಹೇಬ್ರ, ಅವತ್ತು ನಾ ಸುಳ್ಳು ಹೇಳಿದೆ."

"ನೀ ಅಂಜಿದ್ದಿ. ನಾನೂ ಅಂಜಿದ್ದೆ, ಸೂಗಪ್ಪ. ಮನಿಗೆ ಹೋಗಿ ಗಂಟುಮೂಟೆ ಕಟ್ಟಂತ ಚಾಂದ್‌ಬೀಗೆ ಹೇಳಿದ್ದೆ. ಆಕಿ ಕಟ್ಟಿದ್ದಳು ಕೂಡ." ಮತ್ತೆ ಅಂದರು: "ಆದ್ರ ನಾಕು ದಿನ ಹೋದವಲ್ಲ. ಅದರ ಭಾರ ನಿನಗೂ ಇರಲಿ, ನನಗೂ ಇರಲಿ."

ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ಇಂದಿಗೂ ತಿಳಿಯದು. ಆದರೆ ಅಂದಿನಿಂದ ಹೊಸ ಊರಿಗೆ ಹೋದಾಗಲೆಲ್ಲ ಆಜ್ಞೆಯನ್ನು ಜನರಿಗೆ ಓದಿ ಹೇಳುವ ಕೆಲಸವನ್ನು ನನಗೇ ಕೊಟ್ಟರು. ಪ್ರತಿ ಸಲವೂ ಮಸ್ಕಿಯ ಆ ಬಡಿಗೆಗಳು ಕಣ್ಣಮುಂದೆ ಬರುತ್ತವೆ. ಪ್ರತಿ ಸಲವೂ ಓದುತ್ತೇನೆ.

ಈಗ ಅವರು ಕಾಲಿನಿಂದ ದಾರದಂಥ ಹುಳು ಹೊರಬರುವ ನಾರುಹುಣ್ಣಿನ ಬೆನ್ನು ಹತ್ತಿದ್ದಾರೆ. ಹುಣ್ಣಿನ ಕಾಲಿನವರು ಇಳಿದು ನೀರು ತುಂಬುವ ಮೆಟ್ಟಿಲ ಬಾವಿಗಳಿಂದಲೇ ಈ ರೋಗ ಹಬ್ಬುವುದರಿಂದ, ಮೆಟ್ಟಿಲು ಮುಚ್ಚಿ ರಾಟೆ ಹಾಕಿಸಬೇಕೆಂಬುದು ಅವರ ಹಟ. ಕಳೆದ ವಾರ ಈ ಸಂಪುಟಕ್ಕೆ ಭಾವಚಿತ್ರ ಕೇಳಲು ಹೋದರೆ ಮನೆಯಲ್ಲಿರಲಿಲ್ಲ. ಪಾಮನಕಲ್ಲೂರಿನ ಬಾವಿಯ ಬಳಿ ಸಿಕ್ಕರು. ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ ಖಾಸಿಂಬೀ ಎಂಬ ಮುದುಕಿಯೊಡನೆ ವಾದ ನಡೆದಿತ್ತು.

"ಸಾಹೇಬ್ರಿಗೆ ಇದು ಕಡೀ ತಿಂಗಳು," ಎಂದೆ ನಾನು ಆಕೆಗೆ.

"ಹಂಗಾರ ಮುಂದ ನಾನು ಜಗಳ ಯಾರ್ ಕೂಡ ಮಾಡ್ಲಿ?" ಎಂದಳು. ಹುಸೇನ್‌ಸಾಬರು ನಕ್ಕರು, ನಕ್ಕವರೇ ಮತ್ತೆ ಮೆಟ್ಟಿಲುಗಳನ್ನು ಎಣಿಸತೊಡಗಿದರು.

ಇಂಥವರಿಗೆ ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನನಗಿಲ್ಲ. ಅವರ ಕಾಲುಗಳಿಗೆ ಬಲವಿರಲಿ, ಚಾಂದ್‌ಬೀಯವರ ಸಹನೆ ಬತ್ತದಿರಲಿ, ನೂರು ವರ್ಷ ಅವರು ನಮ್ಮ ಊರುಗಳನ್ನು ಹೀಗೆಯೇ ಕಾಡುತ್ತಿರಲಿ. ಕೊನೆಗೊಂದು ದಿನ ಯಾವುದಾದರೂ ಊರಿನ ಪಂಚಾಯತಿಯವರು, "ಬಾವಿ ನಾವ ನೋಡ್ಕೊಂತೀವಿ ಸಾಹೇಬ್ರ, ನೀವು ಮನ್ಯಾಗ ಆರಾಮ ಕೂಡ್ರಿ," ಎಂದು ಅವರಿಗೆ ಹೇಳುವಂತಾಗಲಿ.